ಎಂಟು ಜನ, ಏಳು ಟಿಕ್

ಸಂಶಯ ನನಗೆ ಹುಟ್ಟುಗುಣ. ಗ್ಯಾಸ್ ಬಂದ್ ಮಾಡಿದ್ದೇನೆ ಎಂದು ಹೆಂಡತಿ ಹೇಳಿದ ಮೇಲೂ ಅಡುಗೆಮನೆಗೆ ಹೋಗಿ ಒಂದು ಸಲ ಮುಟ್ಟಿ ನೋಡದಿದ್ದರೆ ಸಮಾಧಾನವಿಲ್ಲ. “ನಿಮ್ಮ ಜೊತೆ ಇದ್ದು ಇದ್ದು ನನಗೇ ನನ್ನ ಮೇಲೆ ಸಂಶಯ ಬರೂಕೆ ಹತ್ತದೆ” ಎಂದು ಅವಳು ಹಂಗಿಸುವುದುಂಟು. ಗುಡ್ಡದ ಬುಡದಲ್ಲಿ ಜನರನ್ನು ನಿಲ್ಲಿಸಿ ಕೆಲಸ ಮಾಡಿಸುವವನಿಗೆ ಈ ಗುಣ ಇರಲೇಬೇಕು ಎಂದು ನಾನು ನಂಬಿದ್ದೆ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಕಾರವಾರದಿಂದ ಅಂಕೋಲೆಗೆ ಬರುವ ಹೆದ್ದಾರಿಯಲ್ಲಿ, ಗುಡ್ಡ ಕಡಿದು ರಸ್ತೆ ಅಗಲ ಮಾಡಿದ ಒಂದು ತಿರುವಿನಲ್ಲಿ ಆ ಮಳೆಗಾಲ ನಮ್ಮ ಕೆಲಸ ನಡೆದಿತ್ತು. ಮೇಲಿಂದ ಜಾರಿದ ಮಣ್ಣು ತೆಗೆಯಬೇಕು, ಗಟಾರ ಬಿಡಿಸಬೇಕು, ಸಡಿಲಾದ ಬಂಡೆಗೆ ಕಬ್ಬಿಣದ ಸರಳು ಹೊಡೆದು ಬಲೆ ಕಟ್ಟಬೇಕು. ಎಂಟು ಜನರ ತಂಡ. ಹಗ್ಗದ ಮೇಲೆ ಇಳಿದು ಬಂಡೆ ಕೊರೆಯುವವರು ಇಬ್ಬರು, ಜೆಸಿಬಿ ಓಡಿಸುವವನೊಬ್ಬ, ಕಾರವಾರದ ಕಡೆಯ ಮೇಸ್ತ್ರಿ ಒಬ್ಬ. ಉಳಿದ ನಾಲ್ವರು ಅವರ್ಸಾದ ಹೆಂಗಸರು, ಗಟಾರದ ಕೆಲಸ ಅವರದು. ಇವರೆಲ್ಲರೂ ಸಂಜೆ ಮನೆಗೆ ಮುಟ್ಟುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಸುರಕ್ಷತಾ ಮೇಲ್ವಿಚಾರಕ.

ಮಳೆಗಾಲದ ಮೊದಲ ವಾರದಲ್ಲೇ ಕಾಂಟ್ರ್ಯಾಕ್ಟರ್ ಒಂದು ಪೆಟ್ಟಿಗೆ ಕಳಿಸಿದರು. ಒಳಗೆ ಒಂಬತ್ತು ಬೀಕನ್‌ಗಳು. ಹಿಮ ಕುಸಿಯುವ ಬೆಟ್ಟಗಳಲ್ಲಿ ಓಡಾಡುವವರು ಮೈಗೆ ಕಟ್ಟಿಕೊಳ್ಳುವ ಸಾಮಾನು ಅದು. ಸೋಪಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಗುಂಡಿಯನ್ನು ‘ಕಳಿಸು’ ಎಂಬಲ್ಲಿಗೆ ಸರಿಸಿ ಎದೆಗೆ ಕಟ್ಟಿಕೊಂಡರೆ ಸೆಕೆಂಡಿಗೊಂದು ಸಲ ತನ್ನಷ್ಟಕ್ಕೆ ಸಂಕೇತ ಬಿಡುತ್ತಿರುತ್ತದೆ. ಕುಸಿತವಾದ ಕೂಡಲೇ, ಹೊರಗುಳಿದವರೆಲ್ಲ ತಮ್ಮ ತಮ್ಮ ಗುಂಡಿಯನ್ನು ‘ಹುಡುಕು’ ಎಂಬಲ್ಲಿಗೆ ಸರಿಸಬೇಕು. ಆಗ ಒಳಗೆ ಸಿಕ್ಕಿಕೊಂಡವರದ್ದು ಮಾತ್ರ ಟಿಕ್ ಟಿಕ್ ಎಂದು ಕೇಳುತ್ತದೆ. ಎಷ್ಟು ಮೀಟರ್ ದೂರ, ಯಾವ ದಿಕ್ಕು ಎಂದು ಬಾಣ ತೋರಿಸುತ್ತದೆ.

ಹಿಮದ ಸಾಮಾನು ನಮ್ಮ ಕೆಂಪು ಜೇಡಿಯಲ್ಲಿ ಎಲ್ಲಿ ನಡೆಯುತ್ತದೆ ಎಂಬುದು ನನ್ನ ಮೊದಲ ಸಂಶಯ. ಅವರ್ಸಾದಲ್ಲಿ ಪರಿಚಯದವರ ಗದ್ದೆಯ ಅಂಚಿನಲ್ಲಿ ಎದೆಮಟ್ಟದ ಹೊಂಡ ತೆಗೆಸಿ, ಬೀಕನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೋಣಿಚೀಲದಲ್ಲಿಟ್ಟು ಹುಗಿದೆ. ಮೇಲೆ ನೀರು ಹೊಯ್ಸಿದೆ. ಬಯಲಿನಲ್ಲಿ ಸಿಗುವಷ್ಟು ದೂರಕ್ಕೆ ಸಿಗಲಿಲ್ಲ, ಆದರೆ ಗದ್ದೆಯ ಆಚೆ ಅಂಚಿಗೆ ಹೋಗಿ ನಿಂತರೂ ಟಿಕ್ ಬರುತ್ತಿತ್ತು. ಮೂರು ದಿನ ಮೂರು ಹೊಂಡ ತೆಗೆಸಿದ ಮೇಲೆ ಒಪ್ಪಿಕೊಂಡೆ. ಗದ್ದೆಯವರು ಮಾತ್ರ, “ಇನ್ನೆರಡು ಹೊಂಡ ತೆಗ್ಸಿ, ತೆಂಗಿನ ಸಸಿ ನೆಟ್‌ಬಿಡ್ತೆ” ಎಂದು ನಕ್ಕರು.

ಬೀಕನ್ ಜೊತೆ ಬಂದ ಪುಸ್ತಕದಲ್ಲಿ ಒಂದು ಎಚ್ಚರಿಕೆಯಿತ್ತು. ಫೋನು, ಲೋಹ, ಅಯಸ್ಕಾಂತ ಯಾವುದೂ ಬೀಕನ್ನಿಗೆ ಒಂದು ಗೇಣಿಗಿಂತ ಹತ್ತಿರ ಇರಬಾರದು, ಹುಡುಕುವಾಗ ಇನ್ನೂ ದೂರ ಇರಬೇಕು. ನಾನದನ್ನು ಕನ್ನಡದಲ್ಲಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿದೆ. ಬೆಳಿಗ್ಗೆ ಹಾಜರಿಯ ಹೊತ್ತಿಗೆ ಎಲ್ಲರ ಫೋನೂ ಒಂದು ಡಬ್ಬಿಗೆ ಬೀಳಬೇಕು. ನಾನು ನನ್ನ ಬೀಕನ್ನನ್ನು ಕೈಯಲ್ಲಿ ಹಿಡಿದು ‘ಹುಡುಕು’ವಿನಲ್ಲಿಟ್ಟು ನಿಲ್ಲುತ್ತೇನೆ, ಒಬ್ಬೊಬ್ಬರೇ ಮುಂದೆ ಹಾದು ಹೋಗಬೇಕು. ಒಬ್ಬರಿಗೊಂದರಂತೆ ಪರದೆಯ ಮೇಲೆ ಎಂಟು ಸಾಲು ಮೂಡಬೇಕು. ಬಳಿಕ ಡೈರಿಯಲ್ಲಿ ಬರೆದು, ಡೈರಿ ಮುಚ್ಚಿ, ನನ್ನ ಬೀಕನ್ನನ್ನೂ ‘ಕಳಿಸು’ವಿಗೆ ಹಾಕಿ ಎದೆಯ ಪಟ್ಟಿಯಲ್ಲಿ ಸೇರಿಸುತ್ತಿದ್ದೆ. ಡೈರಿ ಅಂಗಿಯ ಜೇಬಿಗೆ. ಹೊಸ ವರ್ಷಕ್ಕೆ ಕಾಂಟ್ರ್ಯಾಕ್ಟರ್ ಹಂಚಿದ್ದ ಚೆಂದದ ಡೈರಿ, ಹೊದಿಕೆ ಮಡಚಿದರೆ ಟಪ್ಪೆಂದು ತಾನೇ ಕಚ್ಚಿಕೊಳ್ಳುತ್ತಿತ್ತು.

ಇದರ ಜೊತೆಗೇ ನಾನು ಇನ್ನೊಂದು ಕಾನೂನು ಮಾಡಿದ್ದೆ. ಕೆಲಸದ ಜಾಗದಲ್ಲಿ ಕವಳ ಹಾಕುವಂತಿಲ್ಲ.

ನಮ್ಮ ಕಡೆ ಊಟ ಬಿಡು ಎಂದರೆ ಬಿಟ್ಟಾರು, ಎಲೆಯಡಿಕೆ ಬಿಡು ಎಂದರೆ ಮುಖ ತಿರುಗಿಸುತ್ತಾರೆ. ಆದರೆ ನನಗೆ ಕಾರಣವಿತ್ತು. ಬಂಡೆಯಲ್ಲಿ ಹೊಸ ಬಿರುಕು ಕಂಡರೆ ಅದರ ಪಕ್ಕ ಕೆಂಪು ಬಣ್ಣದ ಚುಕ್ಕೆ ಇಡುವುದು ನಮ್ಮ ಪದ್ಧತಿ. ಒಂದು ದಿನ ತಪಾಸಣೆಗೆ ಬಂದ ಇಂಜಿನಿಯರ್ ಗಟಾರದ ಪಕ್ಕದ ಬಂಡೆಯಲ್ಲಿ ನಾಲ್ಕು ಚುಕ್ಕೆ ಎಣಿಸಿ, ಇಷ್ಟೊಂದು ಬಿರುಕು ಎಲ್ಲಿಂದ ಬಂತು ಎಂದು ಗಾಬರಿಯಾದರು. ನಾನು ಹತ್ತಿರ ಹೋಗಿ ನೋಡಿದೆ. ಒಂದು ಬಣ್ಣದ್ದು, ಮೂರು ಕವಳ ಉಗಿದದ್ದು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಮರುದಿನದಿಂದ ಹೆಂಗಸರ ಎಲೆಯಡಿಕೆ ಸಂಚಿಗಳೂ ಫೋನಿನ ಡಬ್ಬಿಗೆ ಬಂದವು.

ನಾಲ್ವರಲ್ಲಿ ಹಿರಿಯಳಾದ ಹೆಂಗಸು ಸಂಚಿ ಹಾಕುತ್ತಾ, “ಸರಾ, ಬಣ್ಣನೇ ಬ್ಯಾರೆ ಮಾಡೂಕೆ ಬರೂದಿಲ್ವಾ?” ಎಂದು ಕೇಳಿದಳು. ಐವತ್ತು ದಾಟಿದವಳು, ನೇರ ಮಾತಿನವಳು. ಉಳಿದ ಮೂವರು ಅವಳನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

“ನಿಮ್ಮ ಕವಳಕ್ಕೆ ನಾನು ಬಣ್ಣ ಬದಲು ಮಾಡಬೇಕೋ?” ಎಂದೆ.

ಅದಾದ ಒಂದು ವಾರಕ್ಕೆ ಏಳು ಸಾಲು ಕಾಣಿಸಿತು.

ಬೆಳಿಗ್ಗೆ ಹಾಜರಿಯಲ್ಲಿ ಎಂಟೂ ಇದ್ದವು. ಹನ್ನೊಂದರ ಹೊತ್ತಿಗೆ, ಹೇಳದೆ ಕೇಳದೆ ಪರೀಕ್ಷೆ ಮಾಡೋಣ ಎಂದು ರಸ್ತೆಯ ಆಚೆ ಬದಿಯಿಂದ ಬೀಕನ್ ತೆರೆದೆ. ಏಳೇ ಸಾಲು. ಮತ್ತೆ ಎಣಿಸಿದೆ, ಏಳೇ. ಯಾರದ್ದು ಎಂದು ನೋಡಲು ರಸ್ತೆ ದಾಟಿ ಗಟಾರದ ಹತ್ತಿರ ಹೋಗುವಷ್ಟರಲ್ಲಿ ಎಂಟನೆಯದು ಟಕ್ಕನೆ ಮೂಡಿತು. ಮರುದಿನವೂ ಅದೇ ಕತೆ. ದೂರದಿಂದ ಏಳು, ಹತ್ತಿರ ಹೋದರೆ ಎಂಟು.

ಮೇಸ್ತ್ರಿಗೆ ಹೇಳಿದೆ. ಅವನ ಬಳಿ ಉತ್ತರ ಸಿದ್ಧವಾಗಿತ್ತು. “ಇದು ನೇವಿಯವ್ರ ಸಿಗ್ನಲ್ಲು ಸರ್. ಮತ್ತೆಂತಾ ಅಲ್ಲ. ನೇವಿ ಬೇಸಿನ ಪಕ್ಕ ಅರ್ಗಾದಲ್ಲಿ ನಮ್ಮ ಮಾವನ ಮನೆ. ಟಿವಿಯಲ್ಲಿ ಗೆರೆ ಬಂದ್ರೂ ನೇವಿ, ಮಿಕ್ಸರ್ ಸುಟ್ರೂ ನೇವಿ.”

ಅವನು ಅರ್ಧ ತಮಾಷೆಗೆ ಹೇಳಿದ್ದು. ನಾನು ಪೂರ್ತಿ ಹಿಡಿದುಕೊಂಡೆ. ಭಾನುವಾರ ಎಂಟೂ ಬೀಕನ್‌ಗಳನ್ನು ಚೀಲದಲ್ಲಿ ತುಂಬಿಕೊಂಡು ಅರ್ಗಾದಲ್ಲಿರುವ ಅವನ ಮಾವನ ಹಿತ್ತಿಲಿಗೇ ಹೋದೆ. ಹಗ್ಗಕ್ಕೆ ಒಂದೊಂದನ್ನೇ ನೇತುಹಾಕಿ ಬೆಳಗಿನಿಂದ ಊಟದ ಹೊತ್ತಿನವರೆಗೆ ಎಣಿಸುತ್ತ ಕೂತೆ. ಎಂಟಕ್ಕೆ ಎಂಟು, ಒಂದು ಕ್ಷಣವೂ ತಪ್ಪಲಿಲ್ಲ. ಮಾವನವರು ಬಂಗಡೆ ಸಾರಿನ ಊಟ ಹಾಕಿಸಿ, ಇದೇನು ಒಣಗಿಸಲು ಹಾಕಿದ್ದೀರಿ ಎಂದು ಕೇಳಿದರು.

ನೇವಿ ಅಲ್ಲವೆಂದಾದ ಮೇಲೆ ಜೆಸಿಬಿಯ ಮೇಲೆ ಕಣ್ಣು ಬಿತ್ತು. ಎಂಜಿನ್ ಓಡುತ್ತಿದ್ದಾಗ, ನಿಂತಾಗ, ಬಕೆಟ್ ಎತ್ತಿದಾಗ, ಇಳಿಸಿದಾಗ ಎಲ್ಲ ನೋಡಿದೆ. ಅದರ ಪಕ್ಕದಲ್ಲಿ ಹುಡುಕುವಾಗ ಬಾಣ ಸ್ವಲ್ಪ ತೊನೆದಾಡುತ್ತಿತ್ತು, ಅಷ್ಟೇ. ಸಾಲು ಮಾಯವಾಗಲಿಲ್ಲ. ವಿದ್ಯುತ್ ತಂತಿಯ ಕೆಳಗೆ ನಿಂತು ನೋಡಿದೆ. ಬ್ಯಾಟರಿ ಎಲ್ಲ ಬದಲಿಸಿದೆ. ಬೀಕನ್‌ಗಳನ್ನು ಅದಲುಬದಲು ಮಾಡಿ ಹಂಚಿದೆ. ಏಳು ಏಳಾಗಿಯೇ ಉಳಿಯಿತು.

ಕೊನೆಗೆ ರಸ್ತೆಯಾಚೆ ತೆಂಗಿನಮರದ ಮರೆಯಲ್ಲಿ ನಿಂತು, ಸಾಲು ಮಾಯವಾದ ಹೊತ್ತಿಗೆ ಒಬ್ಬೊಬ್ಬರ ದೂರವನ್ನು ಪರದೆಯ ಅಂಕಿಯೊಡನೆ ಹೋಲಿಸಿ, ಇಲ್ಲದ ಟಿಕ್ ಯಾರದ್ದೆಂದು ಬರೆದಿಟ್ಟುಕೊಳ್ಳಲು ಶುರುಮಾಡಿದೆ. ಎರಡು ವಾರದಲ್ಲಿ ಡೈರಿಯಲ್ಲಿ ಒಂದು ಚಿತ್ರ ಮೂಡಿತು. ಗಂಡಸರದ್ದು ಒಮ್ಮೆಯೂ ತಪ್ಪಿಲ್ಲ. ನಾಲ್ವರು ಹೆಂಗಸರದ್ದು ಮಾತ್ರ ತಪ್ಪುತ್ತದೆ, ಅದೂ ಸರದಿಯ ಮೇಲೆ. ಇವತ್ತು ಅಕ್ಕನದ್ದು, ನಾಳೆ ಅವಳ ಪಕ್ಕದ ಮನೆಯವಳದ್ದು, ನಾಡಿದ್ದು ಮೂರನೆಯವಳದ್ದು, ಆಮೇಲೆ ನಾಲ್ಕನೆಯವಳದ್ದು. ಐದನೇ ದಿನ ಮತ್ತೆ ಅಕ್ಕನದ್ದು.

ನನಗೆ ಆದ ಖುಷಿ ಹೇಳಲಾರೆ. ಯಂತ್ರ ಕೆಟ್ಟರೆ ಹೀಗೆ ಸರದಿಯಲ್ಲಿ ಕೆಡುವುದಿಲ್ಲ. ಇದು ಮನುಷ್ಯರು ಮಾತಾಡಿಕೊಂಡು ಮಾಡಿದ ಕೆಲಸ. ಬೀಕನ್ ಆಫ್ ಮಾಡಿ, ನಾನು ಬರುವುದು ಕಂಡ ಕೂಡಲೇ ಆನ್ ಮಾಡುತ್ತಾರೆ. ಯಾಕೆ ಎಂಬುದು ಮಾತ್ರ ಹೊಳೆಯಲಿಲ್ಲ. ಎದೆ ಮೇಲೆ ಭಾರ ಎಂದೋ, ಮೈಗೆ ಏನೋ ಆಗುತ್ತದೆಂಬ ಹೆದರಿಕೆಯೋ. ನನಗೆ ಉತ್ತರ ಕೊಡಬಾರದು ಎಂಬ ಹಟವೇ ಇರಬೇಕು ಎಂದುಕೊಂಡೆ.

ಅವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಹಿಡಿಯಬೇಕು ಎಂದುಕೊಂಡೆ. ಮರುದಿನ ಬೆಳಿಗ್ಗೆ ಎಂಟೂ ಬೀಕನ್ನಿನ ಗುಂಡಿ ‘ಕಳಿಸು’ವಿನಲ್ಲಿರುವಾಗಲೇ ಅದರ ಮೇಲೆ ಬಿಳಿ ಟೇಪು ಸುತ್ತಿ, ಟೇಪಿನ ಮೇಲೆ ಅಡ್ಡಲಾಗಿ ನನ್ನ ಸಹಿ ಹಾಕಿದೆ. ಕುಸಿತವಾದರೆ ಟೇಪು ಕಿತ್ತೇ ಗುಂಡಿ ಸರಿಸಬೇಕು. ಬೇರೆ ಹೊತ್ತಿನಲ್ಲಿ ಕಿತ್ತರೆ ಗೊತ್ತಾಗುತ್ತದೆ. ಎದೆಯ ಪಟ್ಟಿಯನ್ನು ಸಂಜೆಯವರೆಗೆ ಯಾರೂ ಬಿಚ್ಚಬಾರದು, ಅದರೊಳಗೆ ಯಾರೂ ಕೈ ಹಾಕಬಾರದು, ನಾನೂ ಹಾಕುವುದಿಲ್ಲ ಎಂದು ಸಾರಿದೆ. ಅಕ್ಕ ನನ್ನ ಸಹಿಯನ್ನು ಬೆರಳಿನಿಂದ ಸವರಿ, “ಮದ್ವೆ ಪೆಟ್ಟಿಗೆಗೆ ಬೀಗ ಹಾಕ್ದಾಂಗೆ ಆಯ್ತು” ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅವತ್ತು ಮಳೆ ಬಿಟ್ಟು ಹೊಳವಾಗಿತ್ತು. ಹನ್ನೊಂದೂವರೆಗೆ ಮೇಸ್ತ್ರಿ ಸೀಟಿ ಊದಿದ. ಮೇಲೆ ಹುಲ್ಲಿನ ಅಂಚು ಒಂದು ಕಡೆ ಬಾಗಿದ್ದು ಅವನಿಗೆ ಕಂಡಿತ್ತು. ಸೀಟಿ ಕೇಳಿದರೆ ಕೈಯಲ್ಲಿದ್ದದ್ದು ಬಿಟ್ಟು ರಸ್ತೆಯ ನಡುವಿನ ದಿಬ್ಬಕ್ಕೆ ಓಡಬೇಕು. ಎಲ್ಲರೂ ಓಡಿದರು. ಬೆನ್ನ ಹಿಂದೆ ಎರಡು ಲಾರಿ ತುಂಬುವಷ್ಟು ಮಣ್ಣು, ನೀರಿನ ಸದ್ದು ಮಾಡುತ್ತಾ ಬಂದು ಗಟಾರ ಮುಚ್ಚಿ ಅರ್ಧ ರಸ್ತೆಗೆ ಹರಡಿತು.

ದಿಬ್ಬದ ಮೇಲೆ ಎಣಿಸಿದೆ. ಏಳು ಜನ. ಅಕ್ಕ ಇಲ್ಲ.

“ಹುಡುಕು!” ಎಂದು ಕೂಗಿದೆ. ಏಳೂ ಜನ ಟೇಪು ಕಿತ್ತು ಗುಂಡಿ ಸರಿಸಿದರು, ನಾನೂ ಸರಿಸಿದೆ. ಈಗ ಟಿಕ್ ಎನ್ನಬೇಕಾದದ್ದು ಒಂದೇ, ಅಕ್ಕನದ್ದು. ಪರದೆಯ ಮೇಲೆ ಒಂದು ಸಾಲೂ ಇಲ್ಲ. ಮಣ್ಣಿನ ರಾಶಿಯ ಉದ್ದಕ್ಕೂ ಬೀಕನ್ ಹಿಡಿದು ಓಡಾಡಿದೆ. ಇಲ್ಲ. ಇವತ್ತು ಸರದಿ ಅವಳದ್ದು ಎಂಬುದು ನೆನಪಾಯಿತು. ಆಫ್ ಮಾಡಿಕೊಂಡೇ ಒಳಗೆ ಹೋಗಿದ್ದಾಳೆ ಎಂದುಕೊಂಡೆ.

ಟಿಕ್ ಇದ್ದಿದ್ದರೆ ಬಾಣ ಹೇಳುತ್ತಿತ್ತು. ಇಲ್ಲದಿದ್ದರೆ ಕೊನೆಗೆ ಕಂಡ ಜಾಗದಲ್ಲಿ ಸರಳು ಚುಚ್ಚಿ ನೋಡುವುದೊಂದೇ ದಾರಿ. ಆ ಜಾಗ ಇನ್ನೂ ಜಾರದೆ ನೇತಾಡುತ್ತಿದ್ದ ಗುಡ್ಡದ ನೇರ ಕೆಳಗಿತ್ತು. ಬಂಡೆ ಕೊರೆಯುವ ಇಬ್ಬರೂ ನನ್ನ ಮುಖ ನೋಡಿದರು. ಹೋಗಿ ಎಂದೆ. ನಾನೂ ಹೋದೆ. ಉದ್ದ ಸರಳುಗಳನ್ನು ಮೊಳಕ್ಕೊಂದರಂತೆ ಚುಚ್ಚುತ್ತಾ ಬಂದೆವು. ಏಳೆಂಟು ಸಲ ಚುಚ್ಚಿರಬಹುದು, ಮೇಲಿಂದ ಒಂದು ಕಲ್ಲು ಬಂತು. ಗಡಿಗೆಯಷ್ಟು ದೊಡ್ಡದು. ನನ್ನ ಬಲಕ್ಕಿದ್ದವನ ಹೆಲ್ಮೆಟ್ಟಿನ ಅಂಚು ಸವರಿ, ಅವನ ಕೈಯ ಸರಳನ್ನು ಬಾಗಿಸಿ ಹೋಯಿತು. ಅವನು ನಿಂತಲ್ಲೇ ಕೂತುಬಿಟ್ಟ. ಆ ಹೊತ್ತಿನಲ್ಲಿ ನಾನು ಅನುಭವಿಸಿದ ಭಯ ಬದುಕಿನಲ್ಲಿ ಇನ್ನೊಮ್ಮೆ ಬೇಡ.

ಆಗ ರಾಶಿಯ ಆಚೆಯಿಂದ, ರಸ್ತೆಯ ಕೆಳಗಿನ ಗದ್ದೆ ಬದುವಿನ ಮೇಲೆ, ಮೊಣಕಾಲವರೆಗೆ ಕೆಸರಾಗಿ ಅಕ್ಕ ನಡೆದು ಬಂದಳು. “ನಾ ಇಲ್ಲೇ ಇದ್ದೆ! ಬನ್ರೋ ಈಚೆ, ಆ ಗುಡ್ಡದ ಬುಡಕ್ಕೆ ಎಂತಕ್ಕೆ ಹೋದ್ರಿ!” ಎಂದು ಕೂಗುತ್ತಿದ್ದಳು. ಸೀಟಿ ಕೇಳಿದಾಗ ಅವಳು ಅಂಕೋಲೆ ಕಡೆಯ ತುದಿಯಲ್ಲಿದ್ದಳು. ದಿಬ್ಬಕ್ಕೆ ಬರುವ ದಾರಿಯಲ್ಲಿ ಮಣ್ಣು ಇಳಿಯುವುದು ಕಂಡು ತಿರುಗಿ ಅಂಕೋಲೆ ಕಡೆಗೇ ಓಡಿದ್ದಳು. ರಾಶಿ ಅಡ್ಡ ಬಂದದ್ದರಿಂದ ಸುತ್ತಿ ಬರಲು ಇಷ್ಟು ಹೊತ್ತು ಬೇಕಾಯಿತು.

ಅವಳು ಬದುಕಿದ್ದಳು ಎಂಬ ಸಂತೋಷ ನನಗೆ ಒಂದು ಕ್ಷಣ ಆಗಿದ್ದು ನಿಜ. ಮರುಕ್ಷಣ ಸಿಟ್ಟು ನೆತ್ತಿಗೇರಿತು. ಅವಳ ಬೀಕನ್ ಟಿಕ್ ಎಂದಿದ್ದರೆ ಬಾಣ ಆಚೆ ಬದಿಗೆ ತೋರಿಸುತ್ತಿತ್ತು. ಆ ಗುಡ್ಡದ ಕೆಳಗೆ ಯಾರೂ ಕಾಲಿಡುತ್ತಿರಲಿಲ್ಲ.

“ಯಾವಾಗ ಆಫ್ ಮಾಡಿದಿರಿ?” ಎಂದೆ ಎಲ್ಲರೆದುರು.

“ನಾ ಮುಟ್ಲೇ ಇಲ್ಲ ಸರಾ.”

“ಇವತ್ತು ನಿಮ್ಮ ಪಾಳಿ ಎಂದು ನನಗೆ ಗೊತ್ತಿಲ್ಲವೋ? ಎರಡು ವಾರದ ಲೆಕ್ಕ ಇದೆ ನನ್ನ ಡೈರಿಯಲ್ಲಿ.”

ಪಾಳಿ ಎಂಬ ಮಾತಿಗೆ ಉಳಿದ ಮೂವರೂ ನೆಲ ನೋಡಿದರು. ಅದು ನನಗೆ ಸಾಕಾಯಿತು. ಆದರೆ ಅಕ್ಕ ರೇನ್‌ಕೋಟ್ ಬಿಚ್ಚಿ, ಒಮ್ಮೆ ಆಚೆ ತಿರುಗಿ ಪಟ್ಟಿ ಸರಿಮಾಡಿಕೊಂಡು, ಬೀಕನ್ ಹೊರಗೆಳೆದು ನನ್ನ ಮೂಗಿನ ಹತ್ತಿರ ಹಿಡಿದಳು. “ನಿಮ್ಮ ಸಹಿ ಅಲ್ವಾ? ಹರಿದದೆಯಾ ನೋಡಿ.”

ಟೇಪು ಹರಿದಿರಲಿಲ್ಲ. ಸಹಿಯ ಗೆರೆ ಒಂದಿಷ್ಟೂ ಸರಿದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ಕೈಯ ಪರದೆಯ ಮೇಲೆ ಈಗ ಒಂದು ಸಾಲು ಮೂಡಿ ಟಿಕ್ ಟಿಕ್ ಎನ್ನುತ್ತಿತ್ತು. ಆಗಲಾದರೂ ನಾನು ತಡೆದುಕೊಳ್ಳಬೇಕಿತ್ತು. ಏನೋ ಕೈಚಳಕ ಮಾಡಿದ್ದಾಳೆ ಎಂದೇ ಅನ್ನಿಸಿತು. ಅಲ್ಲೇ ಜೀಪಿನಲ್ಲಿದ್ದ ಡಬ್ಬಿಯಿಂದ ಫೋನು ತೆಗೆದು ಕಾಂಟ್ರ್ಯಾಕ್ಟರಿಗೆ, ಮೂರು ಜನರ ಜೀವ ತೆಗೆಯುತ್ತಿದ್ದಳು, ನಾಳೆಯಿಂದ ಈ ಹೆಂಗಸು ಬೇಡ, ಬೇರೆಯವರನ್ನು ಕಳಿಸಿ ಎಂದು ಹೇಳಿದೆ. ಅವಳು ಪಟ್ಟಿ ಬಿಚ್ಚಿ ಜೀಪಿನ ಬಾನೆಟ್ಟಿನ ಮೇಲಿಟ್ಟಳು.

“ಕೆಲಸ ಹೋಯ್ತು ಅಂಬುದು ಒಂದು. ಮೂರು ಜನರ ಜೀವ ತೆಗೀತಿದ್ದೆ ಅಂದ್ರಲ್ಲ, ಅದನ್ನ ಹೊತ್ಕಂಡು ನಾ ಮನಿಗೆ ಹ್ಯಾಂಗೆ ಹೋಗೂದು?” ಎಂದಳು. ಕಣ್ಣಲ್ಲಿ ನೀರಿತ್ತು.

ಮಧ್ಯಾಹ್ನ ಶೆಡ್ಡಿನಲ್ಲಿ ಒಬ್ಬನೇ ಕೂತು ಅವಳ ಪಟ್ಟಿಯನ್ನು ಒಳಹೊರಗು ಮಾಡಿ ನೋಡಿದೆ. ಬೀಕನ್ ಕೂರುವ ಚೀಲದ ಹಿಂಬದಿಯಲ್ಲಿ, ಬಟ್ಟೆಗೆ ಬಿಳಿ ಕಲೆ. ಉಗುರಿನಿಂದ ಕೆರೆದೆ, ಸುಣ್ಣ. ಮೂಲೆಯಲ್ಲಿ ಎಲೆಯ ಒಂದು ಚೂರು. ಯಾರೂ ಕೈ ಹಾಕಬಾರದು, ನಾನೂ ಹಾಕುವುದಿಲ್ಲ ಎಂದು ಸಾರಿದ ಜಾಗದಲ್ಲೇ ಕವಳ ಬಚ್ಚಿಟ್ಟಿದ್ದರು. ನನ್ನ ಕಾನೂನಿನೊಳಗೇ ನನ್ನ ಕಾನೂನನ್ನು ಮುರಿದಿದ್ದರು.

ಹಿಡಿದೆ ಎಂದು ಎದ್ದು ನಿಂತೆ. ಹಾಗೇ ಕೂತೆ. ಕವಳಕ್ಕೂ ಟಿಕ್ಕಿಗೂ ಏನು ಸಂಬಂಧ? ಪಾಳಿ ಕವಳದ್ದು ಎಂದಾದರೆ ಬೀಕನ್ ಆಫ್ ಮಾಡುವ ಪಾಳಿ ಇರಲೇ ಇಲ್ಲವೇನೋ. ಹಾಗಾದರೆ ಅವಳು ಹೇಳಿದ್ದು ನಿಜ. ಬೀಕನ್ನನ್ನು ಯಾರೂ ಮುಟ್ಟದೆಯೇ ಅದು ಬಾಯಿ ಮುಚ್ಚಿಕೊಳ್ಳುತ್ತದೆ ಎಂದಾದರೆ, ನಾಳೆ ಅವಳಿಲ್ಲದಿದ್ದರೂ ಮತ್ತೊಬ್ಬಳದ್ದು ಮುಚ್ಚಿಕೊಳ್ಳುತ್ತದೆ. ಒಂದು ದಿನ ನಿಜವಾಗಿ ಮಣ್ಣಿನ ಒಳಗೇ ಮುಚ್ಚಿಕೊಳ್ಳುತ್ತದೆ. ಕಾಂಟ್ರ್ಯಾಕ್ಟರಿಗೆ ಮತ್ತೆ ಫೋನು ಮಾಡಿ, ಬೇರೆಯವರನ್ನು ಕಳಿಸಬೇಡಿ, ನಾಳೆ ಕೆಲಸ ಬಂದ್ ಎಂದೆ. ಯಾಕೆ ಎಂದರು. ನನಗೇ ಗೊತ್ತಿಲ್ಲ, ಗೊತ್ತಾಗುವವರೆಗೆ ಬಂದ್ ಎಂದೆ. ಅಷ್ಟು ವರ್ಷದ ನೌಕರಿಯಲ್ಲಿ ನನಗೆ ಗೊತ್ತಿಲ್ಲ ಎಂದು ಯಾರಿಗೂ ಹೇಳಿದವನಲ್ಲ.

ಮರುದಿನ ಬೆಳಿಗ್ಗೆ ಪಟ್ಟಿ ಮತ್ತು ಎರಡು ಬೀಕನ್ ತೆಗೆದುಕೊಂಡು ಅವರ್ಸಾಕ್ಕೆ ಅವಳ ಮನೆಗೆ ಹೋದೆ. ಜಗಲಿಯಲ್ಲಿ ಅವಳ ಮಗಳು ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಅಕ್ಕ ನನ್ನನ್ನು ಕಂಡು ಎದ್ದು ನಿಂತಳೇ ಹೊರತು ಬನ್ನಿ ಎನ್ನಲಿಲ್ಲ.

“ಕವಳದ ಸಂಗತಿ ಗೊತ್ತಾಗಿದೆ. ಅದಕ್ಕೆ ಬೈಯಲು ಬರಲಿಲ್ಲ. ನಿನ್ನೆ ಹನ್ನೊಂದೂವರೆಗೆ ಏನೇನು ಹೇಗೆ ಕಟ್ಟಿಕೊಂಡಿದ್ದಿರೋ ಹಾಗೇ ಒಂದು ಸಲ ಕಟ್ಟಿಕೊಂಡು ತೋರಿಸಿ” ಎಂದೆ.

ಅವಳು ಪಟ್ಟಿಯನ್ನೂ ನನ್ನನ್ನೂ ನೋಡಿದಳು. ಈಗ ಸಂಶಯಪಡುವ ಸರದಿ ಅವಳದ್ದು. ಕೊನೆಗೆ ಒಳಗೆ ಹೋಗಿ, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ಪಟ್ಟಿ ಕಟ್ಟಿ, ಬೀಕನ್ನಿನ ಹಿಂದೆ ಒಂದು ಪುಟ್ಟ ಸಂಚಿ ತುರುಕಿಕೊಂಡು ಬಂದಳು. ಟೇಪು ಹಾಗೇ ಇತ್ತು. ನನ್ನ ಪರದೆ ಖಾಲಿಯಾಗಿತ್ತು.

“ಸಂಚಿ ತೆಗೆಯಿರಿ.” ತೆಗೆದಳು. ಟಿಕ್.

“ಇಡಿ.” ಇಟ್ಟಳು. ಸದ್ದಿಲ್ಲ.

ಐದು ಸಲ ಮಾಡಿಸಿದೆ. ಆಮೇಲೆ ಸಂಚಿಯನ್ನು ಜಗಲಿಯ ಮೇಲೆ ಬಿಚ್ಚಿ ಒಂದೊಂದನ್ನೇ ಬೀಕನ್ನಿನ ಹಿಂದೆ ಇಟ್ಟು ನೋಡಿದೆವು. ಎಲೆ ಇಟ್ಟರೆ ಟಿಕ್. ಅಡಿಕೆ, ತಂಬಾಕು ಇಟ್ಟರೂ ಟಿಕ್. ನನ್ನ ಅನುಮಾನವೆಲ್ಲ ಸುಣ್ಣದ ತಗಡಿನ ಡಬ್ಬಿಯ ಮೇಲಿತ್ತು. ಅದನ್ನಿಟ್ಟರೂ ಟಿಕ್. ಉಳಿದದ್ದು ಖಾಲಿ ಸಂಚಿ. ಇಟ್ಟೆ, ಸದ್ದು ನಿಂತಿತು.

“ಲಾಡಿ ಸಂಚಿ ಮಳಿಗೆ ನೆಂದ್ರೆ ಗಂಟು ಬಿಚ್ಚೂಕೇ ಆಗೂದಿಲ್ಲ,” ಎಂದಳು ಮಗಳು, ಯಂತ್ರ ನಿಲ್ಲಿಸಿ. “ಅದ್ಕೆ ಆಯಿಗೆ ಪರ್ಸಿನ ಗುಂಡಿ ಹಚ್ಚಿ ಹೊಲ್ದು ಕೊಟ್ಟೆ. ಎರಡು ಹಚ್ಚಿದ್ದೆ, ಗಟ್ಟಿ ಇರ್ಲಿ ಅಂತ.” ಸಂಚಿಯನ್ನು ಹತ್ತಿರ ಹಿಡಿದದ್ದೇ ಅವಳ ಸೂಜಿಪೆಟ್ಟಿಗೆಯ ಟಾಚಣಿಗಳು ಆ ಗುಂಡಿಯತ್ತ ಹಾರಿ ಅಂಟಿಕೊಂಡವು. ಅಯಸ್ಕಾಂತ.

ಅವಳ ಎದುರಿಗೇ ಬೀಕನ್ನಿನ ಪುಸ್ತಕ ಬಿಡಿಸಿದೆ. ನೀರು ಒಳಗೆ ಹೋಗಬಾರದೆಂದು ಹೊರಗಿನ ಗುಂಡಿಗೂ ಒಳಗಿನ ಯಂತ್ರಕ್ಕೂ ತಂತಿಯ ಸಂಬಂಧವೇ ಇಟ್ಟಿರಲಿಲ್ಲ. ಗುಂಡಿಯೊಳಗೆ ಒಂದು ಚಿಕ್ಕ ಅಯಸ್ಕಾಂತ, ಅದು ಎಲ್ಲಿದೆ ಎಂದು ಒಳಗಿನ ಯಂತ್ರ ಗುರುತಿಸುತ್ತದೆ. ಪಕ್ಕದಲ್ಲಿ ಬೇರೊಂದು ಅಯಸ್ಕಾಂತ ಬಂದರೆ ಯಂತ್ರಕ್ಕೆ ಗುಂಡಿ ಸರಿದಂತೆ ತೋರುತ್ತದೆ. ನನ್ನ ಟೇಪು ಕಾಯುತ್ತಿದ್ದದ್ದು ಹೊರಗಿನ ಗುಂಡಿಯನ್ನು ಮಾತ್ರ.

“ಮತ್ತೆ ನಾನು ಹತ್ತಿರ ಬಂದ ಕೂಡಲೇ ಸರಿಯಾಗುತ್ತಿತ್ತಲ್ಲ?”

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ಹಾಜರಿ ಹೊತ್ತಿಗೆ, ಮತ್ತೆ ನೀವು ರಸ್ತೆ ದಾಟೂದು ಕಂಡ್ರೆ ಸಂಚಿ ತೆಗ್ದು ಬಾಂಡ್ಲಿ ಅಡಿಗೆ ಅಂಟ್ಸಿ ಬೋರಲು ಹಾಕ್ತಿದ್ವು. ಕಬ್ಬಿಣದ ಬಾಂಡ್ಲಿ ಅಲ್ವಾ, ಕಚ್ಕಂತದೆ. ನಾಲ್ಕೂ ಜನ ಒಂದೇ ಸಂಚಿ. ದಿನಾ ಒಬ್ಳೇ ಇಟ್ಕಂಡ್ರೆ ಸಿಕ್ಕಿ ಬೀಳ್ತದೆ ಅಂತ ಪಾಳಿ. ನಿನ್ನೆನೂ ನಿಮ್ಮೆದ್ರಿಗೇ ತೆಗ್ದು ಸೆರಗಿಗೆ ಹಾಕ್ದೆ.” ಆಮೇಲೆ ನಗು ನಿಂತಿತು. “ಅದ್ರಿಂದ ಟಿಕ್ಕು ಸಾಯ್ತದೆ ಅಂತ ಗೊತ್ತಿದ್ರೆ ಮುಟ್ತಿರ್ಲಿಲ್ಲ ಸರಾ. ನಂದೇ ಜೀವ ಅಲ್ವಾ ಒಳಗಿರೂದು.”

ನನ್ನ ಸಂಶಯ ಅರ್ಧ ಸರಿಯಿತ್ತು. ಸರದಿ ಇತ್ತು, ಒಳಸಂಚೂ ಇತ್ತು. ಆದರೆ ಆ ಸಂಚಿಯನ್ನು ಬೀಕನ್ನಿನ ಬೆನ್ನಿಗೆ ತಳ್ಳಿದ್ದು ನಾನು. ಕವಳ ಸೊಂಟದಲ್ಲೇ ಇದ್ದಿದ್ದರೆ ಟಿಕ್ಕಿಗೆ ಏನೂ ಆಗುತ್ತಿರಲಿಲ್ಲ. ಅವಳಿಗೆ ಅಲ್ಲಿಯೇ, ಮಗಳ ಎದುರಿಗೇ, ತಪ್ಪಾಯಿತು ಎಂದೆ. ನಿನ್ನೆ ಆಡಿದ ಮಾತು ಎಲ್ಲರೆದುರು ಹಿಂದೆ ತೆಗೆದುಕೊಳ್ಳುತ್ತೇನೆ ಎಂದೆ. ಅವಳು ಒಳಗೆ ಹೋಗಿ ಚಹಾ ತಂದಳು.

ಮರುದಿನ ಕೆಲಸ ಶುರುವಾಯಿತು. ಬಿರುಕಿಗೆ ಗುರುತು ಹಾಕಲು ನೀಲಿ ಬಣ್ಣ ತರಿಸಿದ್ದೆ. ಉಗುಳಲು ಒಂದು ಹಳೇ ಬಣ್ಣದ ಡಬ್ಬಿ ಇಟ್ಟೆ. ಸಂಚಿಗೆ ಮತ್ತೆ ಲಾಡಿ ಬಂದಿತ್ತು, ಜಾಗ ಸೊಂಟ. ಹಾಜರಿಯ ಮೊದಲು ಎಲ್ಲರೆದುರು, ಅಕ್ಕನ ತಪ್ಪಿಲ್ಲ, ತಪ್ಪು ನನ್ನದು ಎಂದು ಹೇಳಿದೆ. ಹೆಲ್ಮೆಟ್ಟಿಗೆ ಕಲ್ಲು ತಾಗಿದವನ ಮುಖ ನೋಡಿ ಹೇಳುವುದು ಕಷ್ಟವಾಯಿತು. ಆಮೇಲೆ ಒಬ್ಬೊಬ್ಬರೇ ಹಾದು ಹೋದರು. ಎಂಟು ಜನ, ಎಂಟು ಟಿಕ್. ಡೈರಿಯಲ್ಲಿ ಬರೆದೆ, ಮುಚ್ಚಿದೆ, ನನ್ನ ಬೀಕನ್ನನ್ನು ‘ಕಳಿಸು’ವಿಗೆ ಹಾಕಿ ಎದೆಗೆ ಸೇರಿಸಿದೆ.

ಅಕ್ಕ ಹೋಗದೆ ಅಲ್ಲೇ ನಿಂತಿದ್ದಳು. “ನಮ್ಮ ಎಂಟೂ ಜನರದ್ದು ದಿನಾ ನೋಡ್ತ್ರಿ. ನಿಮ್ಮದ್ದು ಯಾರು ನೋಡೂದು?”

“ನನ್ನದು ಯಾವಾಗಲೂ ಸರಿ ಇರುತ್ತದೆ” ಎಂದೆ.

“ನಾನೂ ಹಾಂಗೇ ಹೇಳಿದ್ದೆ” ಎಂದಳು. ಎಲ್ಲರೂ ಗೊಳ್ಳೆಂದರು. ನಾನು ಅವಳ ಬೀಕನ್ನನ್ನು ‘ಹುಡುಕು’ವಿಗೆ ಸರಿಸಿ ಅವಳ ಕೈಗೇ ಕೊಟ್ಟೆ. ಉಳಿದವರನ್ನು ದೂರ ಕಳಿಸಿ ಗುಂಡಿ ಬದಲಿಸಿಕೊಳ್ಳಲು ಹೇಳಿದೆ, ನನ್ನದೊಂದೇ ಕೇಳಲಿ ಎಂದು. ಅವಳು ನಾನು ದಿನಾ ನಿಲ್ಲುವ ಜಾಗದಲ್ಲಿ ನಿಂತಳು. ನಾನು ಅವಳ ಮುಂದೆ ಹಾದು ಹೋದೆ.

ಸದ್ದಿಲ್ಲ.

ಸರಿಯಾಗಿ ಹಿಡಿಯಿರಿ ಎಂದೆ. ಮತ್ತೊಮ್ಮೆ ಹಾದೆ. ಪರದೆ ಖಾಲಿ. ಯಾರೂ ನಗಲಿಲ್ಲ. ಅಕ್ಕ ಹತ್ತಿರ ಬಂದು, ನನ್ನ ಅಂಗಿಯ ಜೇಬಿನತ್ತ ಬೆರಳು ತೋರಿಸಿ, “ಅದ್ರ ಹಿಂದೆ ಎಂತ ಇಟ್ಟೀರಿ, ತೆಗೀರಿ” ಎಂದಳು.

ಡೈರಿ ತೆಗೆದೆ. ಅವಳ ಕೈಯಲ್ಲಿ ಟಿಕ್ ಟಿಕ್ ಶುರುವಾಯಿತು.

ಟಪ್ಪೆಂದು ಕಚ್ಚಿಕೊಳ್ಳುವ ಆ ಹೊದಿಕೆ. ಪಟ್ಟಿಗೂ ಎದೆಗೂ ನಡುವೆ, ಬೀಕನ್ನಿನ ಬೆನ್ನಿಗೇ, ಪೆಟ್ಟಿಗೆ ಬಂದ ದಿನದಿಂದ ಅದು ನನ್ನ ಜೇಬಿನಲ್ಲಿತ್ತು. ಒಂದು ಗೇಣು ದೂರ ಇರಬೇಕೆಂದು ಬರೆದು ಬಾಗಿಲಿಗೆ ಅಂಟಿಸಿದವನು ನಾನೇ. ಅಷ್ಟು ದಿನ ಗುಡ್ಡದ ಕೆಳಗೆ ಓಡಾಡಿದ ಒಂಬತ್ತು ಜನರಲ್ಲಿ, ಹುಗಿದುಹೋದರೆ ಯಾರ ಕೈಗೂ ಸಿಗದವನು ನಾನೊಬ್ಬನೇ. ಹೆಂಗಸರ ಟಿಕ್ ನಾಲ್ಕು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ನನ್ನದು ಡೈರಿ ಜೇಬಿನಲ್ಲಿದ್ದಷ್ಟು ಹೊತ್ತೂ ಇರಲೇ ಇಲ್ಲ.

ಅಕ್ಕ ಸೊಂಟದ ಸಂಚಿ ಬಿಚ್ಚಿ ಅಡಕತ್ತರಿ ತೆಗೆದಳು. ಡೈರಿ ಕೇಳಿ ಇಸಿದುಕೊಂಡು, ಹೊದಿಕೆಯ ಮಡಿಕೆಯನ್ನು ಅಡಕತ್ತರಿಯ ಬಾಯಿಗೆ ಕೊಟ್ಟು ಕಚ್ಚನೆ ಕತ್ತರಿಸಿ, ಅಯಸ್ಕಾಂತವಿದ್ದ ತುಂಡನ್ನು ಉಗುಳುವ ಡಬ್ಬಿಗೆ ಎಸೆದಳು. ಅದು ಡಬ್ಬಿಯ ತಗಡಿಗೆ ಅಂಟಿಕೊಂಡಿತು.

ಡೈರಿಯನ್ನು ನನ್ನ ಕೈಗೆ ವಾಪಸು ಕೊಟ್ಟು, “ಬರ್ಕಳ್ಳಿ ಸರಾ” ಎಂದಳು.

ಹೆಂಗಸರ ತಪ್ಪು ಬರೆದಿಟ್ಟ ಪುಟದ ಕೆಳಗೇ ನನ್ನ ಹೆಸರು ಬರೆದೆ.